ಸಾಫ್ಟ್ ಬ್ಲಾಕ್ ಆದ ಹೆಸರುಗಳು ಶೆಡ್ಯೂಲ್ ಬಿಟ್ಟು ಏಳುತ್ತಲೇ ಇಲ್ಲ, ನೀವೆಲ್ಲ ಏನು ಮಾಡ್ತೀರಿ?

ಜಯನಗರ_ಪ್ಲಾನರ್ · ಸೋಮವಾರ, ಬೆಳಿಗ್ಗೆ 10:12

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಸರ್ವೀಸಸ್ ಕಂಪನಿಯಲ್ಲಿ ಯಾರು ಯಾವ ಪ್ರಾಜೆಕ್ಟಿಗೆ ಎಂಬ ಲೆಕ್ಕ ನೋಡಿಕೊಳ್ಳುವ ಕೆಲಸ ನನ್ನದು. ಸುಮಾರು 60 ಜನ, ಯಾವಾಗಲೂ ಹನ್ನೆರಡು ಹದಿಮೂರು ಪ್ರಾಜೆಕ್ಟ್ ನಡೆಯುತ್ತಿರುತ್ತವೆ. ಮೈಕ್ರೋಸಾಫ್ಟ್ ಪ್ರಾಜೆಕ್ಟ್ ಬಳಸುತ್ತೇವೆ, ಎಲ್ಲರ ಫೈಲ್‌ಗಳೂ ಪ್ರಾಜೆಕ್ಟ್ ಸರ್ವರ್‌ಗೆ ಸೇರುತ್ತವೆ. ಕೆಲಸ ಖಚಿತವಾಗುವ ಮುನ್ನವೇ ಒಬ್ಬರ ಹೆಸರು ಹಿಡಿದಿಡುವುದಕ್ಕೆ ಸಾಫ್ಟ್ ಬ್ಲಾಕ್ ಅಥವಾ ಟೆಂಟೆಟಿವ್ ಅಂತೀವಿ. ಸಾಫ್ಟ್‌ವೇರ್‌ನಲ್ಲಿ ಅದರ ಹೆಸರು ಪ್ರಪೋಸ್ಡ್, ಖಚಿತವಾದದ್ದು ಕಮಿಟೆಡ್.

ಕಳೆದ ತಿಂಗಳು ಆಗಿದ್ದು ಹೀಗೆ. ಶುಕ್ರವಾರ ಸಂಜೆ ಒಬ್ಬ ಕ್ಲೈಂಟ್ ಎಸ್‌ಒಡಬ್ಲ್ಯುಗೆ (ಕೆಲಸದ ಒಪ್ಪಂದ ಪತ್ರಕ್ಕೆ) ಸಹಿ ಹಾಕಿದರು, ಸೋಮವಾರವೇ ಕೆಲಸ ಶುರು. ಪರ್ಫಾರ್ಮೆನ್ಸ್ ಟೆಸ್ಟಿಂಗ್ ಬಲ್ಲವರು ನಮ್ಮಲ್ಲಿ ಒಬ್ಬರೇ. ಕಮಿಟೆಡ್ ಬುಕಿಂಗ್ ಮಾತ್ರ ನೋಡಿದಾಗ ಅವರು ಖಾಲಿ ಕಂಡರು, ಕೊಟ್ಟುಬಿಟ್ಟೆ. ಆದರೆ ಇನ್ನೊಬ್ಬ ಪಿಎಂ (ಪ್ರಾಜೆಕ್ಟ್ ಮ್ಯಾನೇಜರ್) ಫೆಬ್ರವರಿಯಿಂದಲೂ ಅವರನ್ನು ಪ್ರಪೋಸ್ಡ್ ಎಂದು ಹಿಡಿದಿಟ್ಟಿದ್ದರು. ಆ ಕೆಲಸಕ್ಕೂ ಹಿಂದಿನ ವಾರವೇ ಕ್ಲೈಂಟ್ ಬಾಯಿಮಾತಿನಲ್ಲಿ ಹ್ಞೂಂ ಅಂದಿದ್ದರಂತೆ, ಸ್ಟೇಟಸ್ ಮಾತ್ರ ಯಾರೂ ಬದಲಿಸಿರಲಿಲ್ಲ. ಇಬ್ಬರು ಕ್ಲೈಂಟ್‌ಗಳಿಗೂ ಅದೇ ಹೆಸರು ಹೋಗಿತ್ತು. ಮೂರು ವಾರ ಆ ಹುಡುಗಿ ಎರಡೂ ಕಡೆ ದುಡಿದಳು, ಶನಿವಾರಗಳೂ ಸೇರಿ. ಅದು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ.

ಆಮೇಲೆ ಪ್ರಪೋಸ್ಡ್ ಬುಕಿಂಗನ್ನೂ ಸೇರಿಸಿ ನೋಡಲು ಶುರು ಮಾಡಿದೆ. ಈಗ ಹಾಳೆಯ ಮೇಲೆ ಮುಕ್ಕಾಲು ಜನರ ಸಮಯ 130, 140 ಪರ್ಸೆಂಟ್ ಬುಕ್ ಆಗಿದೆ. ಆದರೆ ಏಳು ಜನ ಬೆಂಚ್ ಮೇಲೆ, ಅಂದರೆ ಪ್ರಾಜೆಕ್ಟ್ ಇಲ್ಲದೆ, ಕೂತಿದ್ದಾರೆ. ಸೇಲ್ಸ್‌ನವರು ಕೇಳಿದರೆ ಜನ ಇಲ್ಲ ಅಂತೀವಿ, ಕ್ಯಾಂಟೀನಿಗೆ ಹೋದರೆ ಜನ ಕಾಣುತ್ತಾರೆ.

ಮೂರು ಪ್ರಶ್ನೆ. ಟೆಂಟೆಟಿವ್ ಮತ್ತು ಕನ್ಫರ್ಮ್ ಎರಡನ್ನೂ ನೀವು ಹೇಗೆ ಇಟ್ಟುಕೊಳ್ಳುತ್ತೀರಿ? ಒಂದೇ ಪ್ರಾಜೆಕ್ಟಿನಲ್ಲಿ ಒಬ್ಬರೇ ಮೊದಲ ಹಂತಕ್ಕೆ ಕನ್ಫರ್ಮ್, ಎರಡನೇ ಹಂತಕ್ಕೆ ಟೆಂಟೆಟಿವ್ ಆಗಿರಬಹುದೇ? ಮತ್ತೆ ನಮ್ಮ ಫೈನಾನ್ಸ್‌ನವರು ಡೀಲ್ ಆಗುವ ಸಂಭವ ಎಷ್ಟು ಪರ್ಸೆಂಟೋ ಅಷ್ಟರಿಂದ ಗಂಟೆಗಳನ್ನು ಗುಣಿಸಿ ಅಂತಿದ್ದಾರೆ, ಅದು ಸರಿಯೇ?

ಕೋರಮಂಗಲ_ಪಿಎಂಒ · ಸೋಮವಾರ, ಬೆಳಿಗ್ಗೆ 11:40

ಎರಡನೇ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಯಾಕೆಂದರೆ ಅಲ್ಲಿ ಬಹಳ ಜನ ಎಡವುತ್ತಾರೆ. ಆಗುವುದಿಲ್ಲ ಮೇಡಂ. ರಿಸೋರ್ಸ್ ಶೀಟ್‌ನಲ್ಲಿ ಹೆಸರಿನ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಜನರಲ್ ಟ್ಯಾಬ್‌ನಲ್ಲಿ ಬುಕಿಂಗ್ ಟೈಪ್ ಇರುತ್ತದಲ್ಲ, ಅದು ಆ ವ್ಯಕ್ತಿಗೆ ಆ ಇಡೀ ಪ್ರಾಜೆಕ್ಟಿನಲ್ಲಿ ಅನ್ವಯ. ಒಂದು ಟಾಸ್ಕ್‌ಗೆ ಕಮಿಟೆಡ್, ಇನ್ನೊಂದಕ್ಕೆ ಪ್ರಪೋಸ್ಡ್ ಎಂದು ಇಡಲು ಜಾಗವೇ ಇಲ್ಲ.

ನಾವು ಮಾಡುವುದು ಇಷ್ಟು. ಖಚಿತವಾದ ಹಂತಕ್ಕೆ ವ್ಯಕ್ತಿಯ ಹೆಸರು, ಕಮಿಟೆಡ್. ಖಚಿತವಾಗದ ಹಂತಕ್ಕೆ ಜೆನೆರಿಕ್ ರಿಸೋರ್ಸ್, ಅಂದರೆ ‘ಪರ್ಫಾರ್ಮೆನ್ಸ್ ಟೆಸ್ಟರ್’ ಎಂಬ ಕೆಲಸದ ಹೆಸರು ಮಾತ್ರ. ಸಹಿ ಬಿದ್ದ ದಿನ ಬಿಲ್ಡ್ ಟೀಮ್ ಎಂಬ ಪರದೆಗೆ ಹೋಗಿ ಜೆನೆರಿಕ್ ತೆಗೆದು ವ್ಯಕ್ತಿಯನ್ನು ಕೂರಿಸುತ್ತೇವೆ. ಎರಡನೇ ಹಂತವನ್ನು ಬೇರೆ ಫೈಲ್ ಮಾಡಿ ಮಾಸ್ಟರ್ ಪ್ರಾಜೆಕ್ಟಿಗೆ ಸೇರಿಸುವ ದಾರಿಯೂ ಇದೆ, ಆದರೆ ಫೈಲ್‌ಗಳ ನಡುವಿನ ಲಿಂಕ್ ಕಾಯುವುದು ದೊಡ್ಡ ತಲೆನೋವು. ನಾನಂತೂ ಹೇಳುವುದಿಲ್ಲ.

ಇನ್ನು ಎರಡು ಚೆಕ್‌ಬಾಕ್ಸ್ ನೋಡಿಕೊಳ್ಳಿ. ಸರ್ವರ್‌ನಲ್ಲಿ ಯಾರ ಬಿಡುವು ಎಷ್ಟಿದೆ ಎಂದು ನೋಡುವ ಪುಟದಲ್ಲಿ ಪ್ರಪೋಸ್ಡ್ ಬುಕಿಂಗ್ ಸೇರಿಸಬೇಕೇ ಎಂಬ ಆಯ್ಕೆ ಇದೆ. ನಿಮ್ಮ ಪಿಎಂ ಅದನ್ನು ಆನ್ ಮಾಡಿ ನೋಡಿ, ನೀವು ಆಫ್ ಮಾಡಿ ನೋಡಿದರೆ ಒಂದೇ ವ್ಯಕ್ತಿಗೆ ಎರಡು ಲೆಕ್ಕ ಬರುತ್ತದೆ. ಎರಡನೆಯದು ಒಬ್ಬರ ಮೇಲೆ ಹೊರೆ ಹೆಚ್ಚಾದಾಗ ಕೆಲಸಗಳನ್ನು ಮುಂದಕ್ಕೆ ಸರಿಸುವ ರಿಸೋರ್ಸ್ ಲೆವೆಲಿಂಗ್ ಡಯಲಾಗ್‌ನ ಕೆಳಭಾಗದಲ್ಲಿದೆ. ಪ್ರಪೋಸ್ಡ್ ಬುಕಿಂಗ್ ಇರುವವರನ್ನೂ ಲೆವೆಲ್ ಮಾಡು ಎಂಬ ಆಯ್ಕೆ. ಅದಕ್ಕೆ ಟಿಕ್ ಹಾಕದಿದ್ದರೆ ಲೆವೆಲಿಂಗ್ ಅವರನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಡೇಟ್‌ಗಳು ಚೆನ್ನಾಗಿ ಕಾಣುತ್ತವೆ, ಕನ್ಫರ್ಮ್ ಆದ ದಿನ ಎಲ್ಲ ಮುಂದಕ್ಕೆ ಹೋಗುತ್ತದೆ.

ಇನ್ನೊಂದು ಸಣ್ಣ ವಿಷಯ: ಸೇವ್ ಮಾಡಿದರೆ ಸಾಲದು, ಪಬ್ಲಿಷ್ ಮಾಡಿಸಿ. ಪಬ್ಲಿಷ್ ಆಗದ ಬುಕಿಂಗ್ ಬೇರೆಯವರ ಲೆಕ್ಕಕ್ಕೆ ಬರುವುದಿಲ್ಲ.

ಜಯನಗರ_ಪ್ಲಾನರ್ · ಸೋಮವಾರ, ಮಧ್ಯಾಹ್ನ 12:05

ಲೆವೆಲಿಂಗ್ ಆಯ್ಕೆ ಈಗಷ್ಟೇ ತೆಗೆದು ನೋಡಿದೆ, ಟಿಕ್ ಇಲ್ಲ. ಇಷ್ಟು ವರ್ಷ ಆ ಸಾಲನ್ನು ಓದಿಯೇ ಇರಲಿಲ್ಲ. ತುಂಬಾ ಥ್ಯಾಂಕ್ಸ್ ಸರ್.

ಹುಬ್ಬಳ್ಳಿ_ಸೈಟ್ · ಸೋಮವಾರ, ರಾತ್ರಿ 9:30

ನಮ್ದು ಕಟ್ಟಡದ ಲೈನ್ ರೀ ಮೇಡಂ, ಶೆಡ್ಯೂಲ್ ಹಾಕಾಕ ಪ್ರೈಮವೆರಾ ಪಿ6 ಅನ್ನೋ ಸಾಫ್ಟ್‌ವೇರ್. ಅದರಾಗ ಬುಕಿಂಗ್ ಟೈಪ್ ಅನ್ನೋದು ಇಲ್ಲ. ನಾವು ಮೊದಲು ಆಕ್ಟಿವಿಟಿಗೆ ರೋಲ್ ಕೊಡ್ತೀವಿ, ಬಾರ್‌ಬೆಂಡರ್, ಶಟರಿಂಗ್ ಕಾರ್ಪೆಂಟರ್, ಕ್ರೇನ್ ಆಪರೇಟರ್ ಹಿಂಗ. ಆಳು ಖಾತ್ರಿ ಆದಮೇಲೆ ರೋಲ್ ಇದ್ದಲ್ಲಿ ರಿಸೋರ್ಸ್ ಕೂಡಸ್ತೀವಿ. ಟೆಂಡರ್ ಹಾಕಿದ್ದು, ಇನ್ನೂ ಸಿಗದ ಕೆಲಸ ಇದ್ರ ಪ್ರಾಜೆಕ್ಟ್ ಸ್ಟೇಟಸ್ಸೇ ವಾಟ್-ಇಫ್ (ಹಿಂಗಾದ್ರ ಹ್ಯಾಂಗ) ಅಂತ ಇಡ್ತೀವಿ. ಯೂಸರ್ ಪ್ರಿಫರೆನ್ಸಸ್‌ನ ರಿಸೋರ್ಸ್ ಅನಾಲಿಸಿಸ್‌ನಾಗ ವಾಟ್-ಇಫ್ ಬಿಟ್ಟು, ಆಗ ಪರದೆ ಮ್ಯಾಲೆ ತೆರೆದಿರದ ಉಳಿದ ಪ್ರಾಜೆಕ್ಟ್‌ಗಳನ್ನ ಲೆಕ್ಕ ಹಿಡಿ ಅಂತ ಆಯ್ಕೆ ಐತಿ. ಹಿಂಗಾಗಿ ಟೆಂಡರ್ ಕೆಲಸ ನಿಜವಾದ ಲೆಕ್ಕದಾಗ ಬಂದು ಕೂಡಂಗಿಲ್ಲ.

ಸಾಫ್ಟ್‌ವೇರ್ ಮಾತು ಅಷ್ಟಕ್ಕ ಮುಗೀತು. ನಾ ಹೇಳಬೇಕಂತ ಬಂದಿದ್ದು ಬೇರೆ. ಎರಡು ವರ್ಷದ ಹಿಂದ ಸ್ಲ್ಯಾಬ್ ಹಾಕಾಕ ಬೂಮ್ ಪಂಪ್ (ಕಾಂಕ್ರೀಟ್ ಮ್ಯಾಲೆ ಏರಿಸೋ ಯಂತ್ರ) ಬೇಕಿತ್ತು. ಬಾಡಿಗಿಗೆ ಕೊಡೋರಿಗೆ ಫೋನ್‌ನಾಗ ಹೇಳಿದ್ವಿ, ಅವರೂ ಆತು ಅಂದ್ರು. ಶೆಡ್ಯೂಲ್‌ನಾಗ ಹಸಿರು ಬಣ್ಣ ಹಚ್ಚಿದ್ವಿ. ಹಿಂದಿನ ದಿನ ಕೇಳಿದ್ರ ಪಂಪು ಧಾರವಾಡದ ಕಡೆ ಇನ್ನೊಂದು ಸೈಟಿಗೆ ಹೋಗಿತ್ತು, ಅವರು ಮುಂಗಡ ಕೊಟ್ಟಿದ್ರಂತ. ಕಬ್ಬಿಣ ಕಟ್ಟಿ ಮುಗಿದಿತ್ತು, ಕೂಲಿ ಮಂದಿ ಬಂದು ನಿಂತಿದ್ರು. ಎರಡು ದಿನ ಹೋತು, ಮೂರನೇ ದಿನ ಮಳಿ ಹಿಡೀತು.

ಅವತ್ತಿನಿಂದ ಮುಂಗಡದ ರಸೀದಿ ನಂಬರ್ ಹಾಕದ ಹೊರತು ಕನ್ಫರ್ಮ್ ಬಣ್ಣ ಹಚ್ಚಂಗಿಲ್ಲ. ನಿಮ್ಮ ಮಂದಿಗೆ ಮುಂಗಡ ಅಂತ ಯಾರೂ ಕೊಡೂದಿಲ್ಲಲ್ರೀ. ಹಿಡಿದಿಟ್ಟವರಿಗೆ ಒಂದು ರೂಪಾಯಿ ಖರ್ಚಿಲ್ಲ. ಮತ್ತ ಯಾಕ ಬಿಡ್ತಾರ? ಬಸ್ಸಿನ ಕಿಟಕಿಯಾಗಿಂದ ಟವೆಲ್ ಒಗದು ಸೀಟ್ ಹಿಡದಂಗ ಹಿಡಿತಾರ, ಆಮೇಲೆ ಆ ಬಸ್ಸಿಗೇ ಬರಂಗಿಲ್ಲ.

ಲಂಡನ್_ಎಡಿಟ್_ಡೆಸ್ಕ್ · ಮಂಗಳವಾರ, ಬೆಳಗಿನ ಜಾವ 2:15

ಹುಬ್ಬಳ್ಳಿಯವರು ಸರಿಯಾದ ಜಾಗಕ್ಕೆ ಕೈ ಹಾಕಿದ್ದಾರೆ. ನಾನು ಮೂಲತಃ ಮೈಸೂರಿನವನು, ಇಲ್ಲಿ ಟಿವಿ ಪೋಸ್ಟ್ ಪ್ರೊಡಕ್ಷನ್‌ನಲ್ಲಿ ಎಡಿಟರ್‌ಗಳು, ಎಡಿಟ್ ಸೂಟ್‌ಗಳ ಬುಕಿಂಗ್ ನೋಡುತ್ತೇನೆ. ಈ ಉದ್ಯಮದಲ್ಲಿ ಟೆಂಟೆಟಿವ್ ಬುಕಿಂಗಿಗೆ ಪೆನ್ಸಿಲ್ ಎಂದೇ ಹೆಸರು. ಹಿಂದೆ ಡೈರಿಯಲ್ಲಿ ಅಳಿಸಲು ಬರುವಂತೆ ಪೆನ್ಸಿಲ್‌ನಲ್ಲಿ ಬರೆಯುತ್ತಿದ್ದರು, ಆ ಮಾತು ಸಾಫ್ಟ್‌ವೇರ್ ಬಂದ ಮೇಲೂ ಉಳಿದಿದೆ.

ಒಬ್ಬ ಎಡಿಟರ್‌ನ ಒಂದು ವಾರಕ್ಕೆ ಮೊದಲು ಕೇಳಿದವರು ಫಸ್ಟ್ ಪೆನ್ಸಿಲ್. ಆಮೇಲೆ ಕೇಳಿದವರು ಸೆಕೆಂಡ್ ಪೆನ್ಸಿಲ್. ಎರಡೂ ಒಂದೇ ವಾರದ ಮೇಲೆ ಕೂರಬಹುದು, ಅದರಲ್ಲಿ ತಪ್ಪೇನಿಲ್ಲ, ಆದರೆ ಸರದಿ ಯಾರದು ಎಂಬುದು ಎಲ್ಲರಿಗೂ ಗೊತ್ತಿರುತ್ತದೆ. ಸೆಕೆಂಡ್ ಪೆನ್ಸಿಲ್‌ನವರು ನಾವು ಈಗಲೇ ಖಚಿತ ಮಾಡುತ್ತೇವೆ ಎಂದರೆ ಅವರಿಗೆ ತಕ್ಷಣ ಕೊಡುವುದಿಲ್ಲ. ಫಸ್ಟ್ ಪೆನ್ಸಿಲ್‌ನವರಿಗೆ ಫೋನ್ ಮಾಡಿ ನೀವು ಖಚಿತ ಮಾಡುತ್ತೀರೋ, ಬಿಡುತ್ತೀರೋ ಎಂದು ಕೇಳುತ್ತೇವೆ. ನಮ್ಮ ಡೆಸ್ಕ್‌ನಲ್ಲಿ ಅವರಿಗೆ ಒಂದು ಕೆಲಸದ ದಿನ ಸಮಯ. ಅಷ್ಟರೊಳಗೆ ಉತ್ತರ ಬರದಿದ್ದರೆ ಪೆನ್ಸಿಲ್ ಅಳಿಸಿಹೋಗುತ್ತದೆ.

ಇದರಿಂದ ಏನಾಗುತ್ತದೆ ನೋಡಿ. ಹಿಡಿದಿಟ್ಟುಕೊಳ್ಳಲು ದುಡ್ಡು ಬೇಕಿಲ್ಲ, ಆದರೆ ಇನ್ನೊಬ್ಬರಿಗೆ ನಿಜವಾಗಿ ಬೇಕಾದ ಕ್ಷಣದಲ್ಲಿ ಉತ್ತರ ಕೊಡಲೇಬೇಕು. ನಿಮ್ಮ ಆ ಟೆಸ್ಟರ್ ವಿಷಯದಲ್ಲೂ ಶುಕ್ರವಾರ ಸಂಜೆ ಫೆಬ್ರವರಿಯ ಪಿಎಂಗೆ ಒಂದು ಫೋನ್ ಹೋಗಿದ್ದರೆ ಬಾಯಿಮಾತಿನ ಒಪ್ಪಿಗೆ ಅಲ್ಲೇ ಹೊರಬೀಳುತ್ತಿತ್ತು. ಆ ಫೋನ್ ಯಾರು ಮಾಡಬೇಕು ಎಂಬುದನ್ನು ಯಾವ ಸಾಫ್ಟ್‌ವೇರ್ ಸೆಟ್ಟಿಂಗೂ ಹೇಳುವುದಿಲ್ಲ, ನೀವೇ ಗೊತ್ತುಮಾಡಬೇಕು.

ಬಸವನಗುಡಿ_ಸ್ಟುಡಿಯೋ · ಮಂಗಳವಾರ, ಬೆಳಿಗ್ಗೆ 9:50

ನಾವು 15 ಜನರ ಡಿಸೈನ್ ಸ್ಟುಡಿಯೋ. ರಿಸೋರ್ಸ್ ಗುರು ಎಂಬ ಬುಕಿಂಗ್ ಸಾಫ್ಟ್‌ವೇರ್‌ನಲ್ಲಿ ವೇಟಿಂಗ್ ಲಿಸ್ಟ್ ಅಂತಲೇ ಇದೆ, ಸಮಯ ತುಂಬಿದವರ ಮೇಲೆ ಬುಕಿಂಗ್ ಹಾಕಲು ಹೋದರೆ ಓವರ್‌ಟೈಮ್ ಮಾಡಿಸುತ್ತೀರೋ ವೇಟಿಂಗ್ ಲಿಸ್ಟಿಗೆ ಕಳಿಸುತ್ತೀರೋ ಎಂದು ಕೇಳುತ್ತದೆ. ರನ್ (Runn) ಎಂಬ ಇನ್ನೊಂದು ಸಾಫ್ಟ್‌ವೇರ್‌ನಲ್ಲಿ ಟೆಂಟೆಟಿವ್ ಪ್ರಾಜೆಕ್ಟ್‌ಗಳನ್ನು ಆನ್ ಆಫ್ ಮಾಡಿ ಪರಿಣಾಮ ನೋಡಬಹುದು. ಎರಡೂ ಬಳಸಿದ್ದೇನೆ. ರೈಲಿನ ಕನ್ಫರ್ಮ್, ಆರ್‌ಎಸಿ, ವೇಟಿಂಗ್ ಲಿಸ್ಟ್ ನೆನಪಿಸಿಕೊಂಡರೆ ನಮ್ಮವರಿಗೆ ಬೇಗ ಅರ್ಥವಾಗುತ್ತದೆ. ಹೊಸಬರಿಗೆ ನಾನು ಹಾಗೇ ಹೇಳಿಕೊಡುವುದು.

ಫೈನಾನ್ಸ್_ಮಂಗಳೂರು · ಮಂಗಳವಾರ, ಬೆಳಿಗ್ಗೆ 11:20

ಪರ್ಸೆಂಟ್‌ನಿಂದ ಗುಣಿಸುವ ಬಗ್ಗೆ ಯಾರೂ ಮಾತಾಡಲಿಲ್ಲವಲ್ಲ. ಮುಂದಿನ ಕ್ವಾರ್ಟರ್‌ಗೆ ಎಷ್ಟು ಜನರನ್ನು ಹೊಸದಾಗಿ ತೆಗೆದುಕೊಳ್ಳಬೇಕು ಎಂದು ನಮಗೆ ಈಗಲೇ ಗೊತ್ತಾಗಬೇಕು. ಅನುಭವಸ್ಥರಿಗೆ 60, 90 ದಿನ ನೋಟಿಸ್ ಪೀರಿಯಡ್ ಇರುತ್ತದೆ. ಸಹಿ ಬಿದ್ದ ಮೇಲೆ ಹುಡುಕಲು ಹೊರಟರೆ ಮೂರು ತಿಂಗಳು ತಡ. ಗುಣಿಸದೆ ಬೇರೆ ದಾರಿ ಏನಿದೆ?

ಸುಳ್ಯ_ಡೇಟಾ · ಮಂಗಳವಾರ, ಮಧ್ಯಾಹ್ನ 1:00

ಸರ್, ಇಡೀ ಗುಂಪಿಗೆ ಗುಣಿಸಿ, ಒಬ್ಬ ವ್ಯಕ್ತಿಗೆ ಗುಣಿಸಬೇಡಿ.

ಒಬ್ಬರಿಗೆ ವಾರಕ್ಕೆ 40 ಗಂಟೆ. ಕನ್ಫರ್ಮ್ ಕೆಲಸ 24 ಗಂಟೆ, ಟೆಂಟೆಟಿವ್ ಇನ್ನೂ 24 ಗಂಟೆ, ಡೀಲ್ ಆಗುವ ಸಂಭವ 50 ಪರ್ಸೆಂಟ್ ಅಂತಿಟ್ಟುಕೊಳ್ಳಿ. ಗುಣಿಸಿದರೆ 24 ಮತ್ತು 12, ಒಟ್ಟು 36 ಗಂಟೆ, 90 ಪರ್ಸೆಂಟ್. ಪರದೆಯ ಮೇಲೆ ಹಸಿರು. ಆದರೆ ಆ ವಾರ ನಿಜಕ್ಕೂ ಆಗುವುದು 24 ಗಂಟೆ ಅಥವಾ 48 ಗಂಟೆ. 36 ಗಂಟೆಯ ವಾರ ಯಾವತ್ತೂ ಬರುವುದಿಲ್ಲ. ಮೇಡಂ ಹೇಳಿದ ಟೆಸ್ಟರ್‌ಗೆ ಆಗಿದ್ದು ಇಂಥ 48 ಗಂಟೆಯೇ. ಗುಣಿಸಿದ ಲೆಕ್ಕ ಅದನ್ನು ಮುಂಚಿತವಾಗಿ ತೋರಿಸುವುದರ ಬದಲು ಮುಚ್ಚಿಡುತ್ತದೆ.

ಇನ್ನು ಗುಂಪಿನ ಲೆಕ್ಕ ನೋಡಿ. 40 ಜಾವಾ ಡೆವಲಪರ್‌ಗಳ ಗುಂಪು ಇದೆ, ಹತ್ತು ಪ್ರಪೋಸಲ್ ಬಾಕಿ ಇವೆ, ಒಂದೊಂದಕ್ಕೂ ಇಬ್ಬರು ಬೇಕು, ಒಂದೊಂದರ ಸಂಭವ 30 ಪರ್ಸೆಂಟ್ ಎನ್ನಿ. ಸರಾಸರಿ ಆರು ಜನ ಬೇಕಾಗುತ್ತಾರೆ. ಈ ಆರು ಎಂಬುದು ಉಪಯೋಗಕ್ಕೆ ಬರುವ ಸಂಖ್ಯೆ, ನೇಮಕಾತಿಗೆ ಇದನ್ನೇ ಹಿಡಿಯಿರಿ. ಹತ್ತಕ್ಕೂ ಹೆಸರು ಹಿಡಿದು 20 ಜನರನ್ನು ಸಾಫ್ಟ್ ಬ್ಲಾಕ್ ಮಾಡಿದರೆ ಅರ್ಧ ಗುಂಪನ್ನು ಸುಮ್ಮನೆ ಕಟ್ಟಿಹಾಕಿದಂತೆ. ಒಂದು ಎಚ್ಚರ ಮಾತ್ರ ಇರಲಿ: ಹತ್ತರಲ್ಲಿ ಆರು ಪ್ರಪೋಸಲ್ ಒಂದೇ ಕ್ಲೈಂಟ್‌ನ ಬಜೆಟ್ ನಂಬಿಕೊಂಡಿದ್ದರೆ ಅವು ಒಟ್ಟಿಗೆ ಬರುತ್ತವೆ, ಇಲ್ಲವೇ ಒಟ್ಟಿಗೆ ಹೋಗುತ್ತವೆ. ಆಗ ಸರಾಸರಿ ನಂಬಿ ಕೂರಬೇಡಿ.

ಫೈನಾನ್ಸ್_ಮಂಗಳೂರು · ಮಂಗಳವಾರ, ಮಧ್ಯಾಹ್ನ 1:35

ಒಪ್ಪಿದೆ. ಜೆನೆರಿಕ್ ಸಾಲುಗಳನ್ನು ಮಾತ್ರ ಗುಣಿಸಿ, ಹೆಸರಿರುವ ಸಾಲುಗಳನ್ನು ಮುಟ್ಟಬಾರದು ಎಂದರೆ ನಮ್ಮ ರಿಪೋರ್ಟಿಗೂ ಸಾಕು. ಒಂದೇ ಕ್ಲೈಂಟ್‌ನ ವಿಷಯ ನಾನು ಯೋಚಿಸಿರಲಿಲ್ಲ.

ಶಿರಸಿ_ಟೆಸ್ಟರ್ · ಮಂಗಳವಾರ, ರಾತ್ರಿ 10:45

ನಾನು ಪ್ಲಾನರ್ ಅಲ್ಲ. ಇಂಥ ಹಾಳೆಗಳಲ್ಲಿ ಹೆಸರು ಇರುವವಳು. ಜಯನಗರದ ಅಕ್ಕನ ಕಂಪನಿಯವಳಲ್ಲ, ಆದರೆ ಓದುವಾಗ ನನ್ನದೇ ಕಥೆ ಅನ್ನಿಸಿತು.

ನಮ್ಮ ಹಳೆಯ ಕಂಪನಿಯಲ್ಲಿ ನಾನು ಐದು ತಿಂಗಳು ಮೂರು ಪ್ರಾಜೆಕ್ಟುಗಳಿಗೆ ಟೆಂಟೆಟಿವ್ ಆಗಿದ್ದೆ. ಕನ್ಫರ್ಮ್ ಒಂದೂ ಇಲ್ಲ. ಬೆಂಚ್ ಅಂತಲೂ ಅಲ್ಲ, ಯಾಕೆಂದರೆ ಬ್ಲಾಕ್ ಆಗಿದ್ದೆ. ಬೆಂಚ್‌ನವರಿಗೆ ಟ್ರೈನಿಂಗ್ ಕೊಡುತ್ತಿದ್ದರು, ನನಗೆ ಇಲ್ಲ, ಯಾವಾಗ ಬೇಕಾದರೂ ಪ್ರಾಜೆಕ್ಟ್ ಶುರುವಾಗಬಹುದು ಎಂಬ ಕಾರಣಕ್ಕೆ. ಬೇರೆ ಟೀಮಿನ ಪಿಎಂ ಒಬ್ಬರು ಬಾ ಎಂದು ಕರೆದರು, ಆರ್‌ಎಂಜಿ (ಯಾರು ಯಾವ ಪ್ರಾಜೆಕ್ಟಿಗೆ ಎಂದು ನಿರ್ಧರಿಸುವ ವಿಭಾಗ) ಬಿಡಲಿಲ್ಲ. ಶಿರಸಿ ಮಾರಿಕಾಂಬೆ ಜಾತ್ರೆ ಬರುವುದೇ ಎರಡು ವರ್ಷಕ್ಕೊಮ್ಮೆ. ಆ ವರ್ಷ ರಜೆ ಕೇಳಿದಾಗ ಮುಂದಿನ ವಾರ ಕ್ಲೈಂಟ್ ಕಾಲ್ ಇರಬಹುದು, ತಡಿ ಅಂದರು. ಇರಲಿಲ್ಲ. ಆಯಿ ಫೋನ್‌ನಲ್ಲಿ ತೇರಿನ ಸದ್ದು ಕೇಳಿಸಿದಳು.

ಅಪ್ರೈಸಲ್ ಹೊತ್ತಿಗೆ ಬಿಲ್ಲೆಬಲ್ ಗಂಟೆ (ಕ್ಲೈಂಟ್‌ಗೆ ಬಿಲ್ ಮಾಡುವ ಗಂಟೆ) ಕಡಿಮೆ ಎಂದು ಬರೆದರು. ಆ ಮೂರು ಪಿಎಂಗಳಲ್ಲಿ ಇಬ್ಬರನ್ನು ನಾನು ನೋಡಿಯೂ ಇರಲಿಲ್ಲ. ನನ್ನ ಹೆಸರು ಅಲ್ಲೆಲ್ಲ ಇದೆ ಎಂದು ನನಗೆ ಗೊತ್ತಾಗಿದ್ದೇ ಕೆಲಸ ಬಿಡುವಾಗ, ರಿಲೀಸ್ ಮಾಡಲು ಮೂರು ಕಡೆಯ ಒಪ್ಪಿಗೆ ಬೇಕು ಎಂದಾಗ.

ನೀವೆಲ್ಲ ಫಸ್ಟ್ ಪೆನ್ಸಿಲ್, ಸೆಕೆಂಡ್ ಪೆನ್ಸಿಲ್ ಅಂತ ಮಾತಾಡುತ್ತಿದ್ದೀರಿ, ಒಳ್ಳೆಯದೇ. ಯಾರ ಹೆಸರು ಬರೆಯುತ್ತೀರೋ ಅವರಿಗೂ ಒಂದು ಮಾತು ಹೇಳುತ್ತೀರಾ?

ಲಂಡನ್_ಎಡಿಟ್_ಡೆಸ್ಕ್ · ಬುಧವಾರ, ಬೆಳಗಿನ ಜಾವ 1:30

ತಂಗೀ, ಇಲ್ಲಿ ಹೇಳಲೇಬೇಕಾಗುತ್ತದೆ, ಯಾಕೆಂದರೆ ಹೆಚ್ಚಿನ ಎಡಿಟರ್‌ಗಳು ಫ್ರೀಲಾನ್ಸ್. ಪೆನ್ಸಿಲ್ ಹಾಕುವ ಮುನ್ನ ಅವರನ್ನೇ ಕೇಳುತ್ತೇವೆ, ಸರದಿಯ ಲೆಕ್ಕ ಅವರ ಡೈರಿಯಲ್ಲೂ ಇರುತ್ತದೆ. ಪೆನ್ಸಿಲ್ ಬಿಟ್ಟಾಗ ಬಿಟ್ಟೆವು ಎಂದು ಹೇಳದಿದ್ದರೆ ಮುಂದಿನ ಸಲ ಅವರು ನಮ್ಮ ಫೋನ್ ತೆಗೆಯುವುದಿಲ್ಲ. ಸಂಬಳದ ಕೆಲಸದಲ್ಲಿ ಆ ಒತ್ತಡ ಇಲ್ಲದಿರುವುದರಿಂದಲೇ ಹೇಳದೆ ಬಿಡುತ್ತಾರೆ. ನಿಮ್ಮ ಮಾತನ್ನು ನಾವು ಮೊದಲೇ ಹೇಳಬೇಕಿತ್ತು.

ಕೋರಮಂಗಲ_ಪಿಎಂಒ · ಬುಧವಾರ, ಬೆಳಿಗ್ಗೆ 10:10

ಇದನ್ನು ಓದಿ ನನ್ನ ಮೊದಲ ಉತ್ತರಕ್ಕೆ ಒಂದು ವಿಷಯ ಸೇರಿಸಬೇಕು ಅನ್ನಿಸಿತು. ಪ್ರಾಜೆಕ್ಟ್ 2016ರಿಂದ ಎಂಗೇಜ್‌ಮೆಂಟ್ ಎಂಬ ಸೌಲಭ್ಯ ಇದೆ. ವ್ಯಕ್ತಿಗೆ ಒಪ್ಪಿಗೆ ಕಡ್ಡಾಯ ಎಂದು ಗುರುತು ಹಾಕಿದರೆ ಪಿಎಂ ಇಂತಿಂಥ ದಿನಾಂಕದಿಂದ ಇಷ್ಟು ಬೇಕು ಎಂದು ಕೋರಿಕೆ ಕಳಿಸಬೇಕು, ರಿಸೋರ್ಸ್ ಮ್ಯಾನೇಜರ್ ಒಪ್ಪಿದ ಮೇಲೆಯೇ ಅದು ಪ್ರಪೋಸ್ಡ್‌ನಿಂದ ಕಮಿಟೆಡ್‌ಗೆ ಬರುತ್ತದೆ. ದಿನಾಂಕ ಬದಲಾದರೆ ಮತ್ತೆ ಕೇಳಬೇಕು. ಅಂದರೆ ಖಚಿತ ಮಾಡುವ ಅಧಿಕಾರ ಬೇಕು ಎನ್ನುವವರ ಕೈಯಲ್ಲಿ ಇರುವುದಿಲ್ಲ, ಜನರ ಹೊಣೆ ಹೊತ್ತವರ ಕೈಗೆ ಬರುತ್ತದೆ. ಪಿಎಂಗಳು ಶುರುವಿನಲ್ಲಿ ಗೊಣಗುತ್ತಾರೆ, ಎರಡು ತಿಂಗಳಲ್ಲಿ ರೂಢಿಯಾಗುತ್ತದೆ.

ಪ್ರಾಜೆಕ್ಟ್ ಆನ್‌ಲೈನ್‌ನಲ್ಲಿ (ಇದರ ಕ್ಲೌಡ್ ರೂಪದಲ್ಲಿ) ಇರುವವರು ಯಾರಾದರೂ ಓದುತ್ತಿದ್ದರೆ, ಅದು 2026ರ ಸೆಪ್ಟೆಂಬರ್ 30ಕ್ಕೆ ನಿಲ್ಲುತ್ತದೆ ಎಂದು ಮೈಕ್ರೋಸಾಫ್ಟ್ ಪ್ರಕಟಿಸಿದೆ. ಅಲ್ಲಿ ಹೊಸದಾಗಿ ಇದೆಲ್ಲ ಕಟ್ಟಲು ಹೋಗಬೇಡಿ.

ತುಮಕೂರು_ಎಕ್ಸೆಲ್ · ಬುಧವಾರ, ಮಧ್ಯಾಹ್ನ 3:00

ನಾವು ಎಂಟೇ ಜನ, ಎಕ್ಸೆಲ್ ಸಾಕು. ಟೆಂಟೆಟಿವ್ ಹಳದಿ, ಕನ್ಫರ್ಮ್ ಹಸಿರು ಹಚ್ಚುತ್ತಿದ್ದೆವು. ಸಮ್‌ಇಫ್ಸ್ ಎಂಬ ಕೂಡುವ ಸೂತ್ರಕ್ಕೆ ಬಣ್ಣ ಕಾಣುವುದಿಲ್ಲವಲ್ಲ, ಒಟ್ಟು ಗಂಟೆ ಯಾವಾಗಲೂ ತಪ್ಪು ಬರುತ್ತಿತ್ತು. ಸ್ಟೇಟಸ್‌ಗೆ ಪ್ರತ್ಯೇಕ ಕಾಲಮ್ ಮಾಡಿ, ಬಣ್ಣವನ್ನು ಕಂಡೀಷನಲ್ ಫಾರ್ಮ್ಯಾಟಿಂಗ್‌ಗೆ (ಸ್ಟೇಟಸ್ ನೋಡಿ ಎಕ್ಸೆಲ್ ತಾನೇ ಹಚ್ಚುವಂತೆ) ಬಿಟ್ಟ ಮೇಲೆ ಸರಿಯಾಯಿತು. ಒಟ್ಟನ್ನು ಎರಡು ಸಾಲಿನಲ್ಲಿ ತೋರಿಸುತ್ತೇವೆ: ಕನ್ಫರ್ಮ್ ಮಾತ್ರ ಒಂದು, ಎರಡೂ ಸೇರಿ ಇನ್ನೊಂದು. ಮೊದಲ ಸಾಲು 40 ದಾಟಿದರೆ ಅವತ್ತೇ ಮಾತು. ಎರಡನೆಯದು ದಾಟಿದರೆ ಯಾರ ಸರದಿ ಮೊದಲು ಎಂದು ಕೇಳುತ್ತೇವೆ, ಅಷ್ಟೇ.

ಜಯನಗರ_ಪ್ಲಾನರ್ · ಮೂರು ವಾರದ ನಂತರ, ಶುಕ್ರವಾರ ಸಂಜೆ 6:20

ಇಷ್ಟು ದಿನ ಉತ್ತರ ಕೊಡದೆ ಇದ್ದುದಕ್ಕೆ ಕ್ಷಮಿಸಿ, ಮಾಡಿ ನೋಡಿಯೇ ಬರೆಯೋಣ ಅಂದುಕೊಂಡೆ.

ಮೊದಲು ಪ್ರಪೋಸ್ಡ್ ಇರುವ ಹೆಸರುಗಳನ್ನೆಲ್ಲ ತೆಗೆದೆ. 41 ಸಿಕ್ಕವು. ಒಬ್ಬೊಬ್ಬ ಪಿಎಂ ಹತ್ತಿರ ಹೋಗಿ ಕೇಳಿದೆ. 23 ಹೆಸರು ಯಾರಿಗೂ ಬೇಡ, ಡೀಲ್ ಬಿದ್ದುಹೋಗಿ ತಿಂಗಳುಗಳಾಗಿವೆ, ಅಳಿಸಲು ಮರೆತಿದ್ದಾರೆ. 11 ಆಗಲೇ ಕೆಲಸ ಶುರುವಾಗಿದ್ದವು, ಕಮಿಟೆಡ್ ಮಾಡಿದೆವು. ಉಳಿದಿದ್ದು ಏಳು. ಜನ ಇಲ್ಲ ಎಂದು ಸೇಲ್ಸ್‌ನವರಿಗೆ ಹೇಳುತ್ತಾ ಬಂದಿದ್ದೆನಲ್ಲ, ಆ ಲೆಕ್ಕದ ದೊಡ್ಡ ಪಾಲು ಈ 23 ಹೆಸರುಗಳದ್ದೇ.

ಈಗ ನಿಯಮ ಹೀಗಿದೆ. ಟಾಸ್ಕ್‌ನ ಡೇಟ್1 ಎಂಬ ಖಾಲಿ ಕ್ಷೇತ್ರಕ್ಕೆ ‘ಬಿಡುವ ದಿನ’ ಎಂದು ಹೆಸರಿಟ್ಟಿದ್ದೇವೆ. ಪ್ರಪೋಸ್ಡ್ ಎಂದು ಹೆಸರು ಹಾಕಿದರೆ ಬಿಡುವ ದಿನ ಇರಲೇಬೇಕು, ಹೆಚ್ಚೆಂದರೆ ಮೂರು ವಾರ. ಬುಧವಾರ ಬೆಳಿಗ್ಗೆ ಇಪ್ಪತ್ತು ನಿಮಿಷ ಎಲ್ಲ ಪಿಎಂಗಳು ಕೂರುತ್ತೇವೆ, ದಿನ ದಾಟಿದವನ್ನು ಫಿಲ್ಟರ್ ಹಾಕಿ ಪರದೆಯ ಮೇಲೆ ತೆರೆಯುತ್ತೇನೆ. ಮುಂದುವರಿಸಬೇಕೆಂದರೆ ಕ್ಲೈಂಟ್ ಜೊತೆ ಕೊನೆಯ ಮಾತು ಯಾವತ್ತು ಆಯಿತು ಎಂದು ಹೇಳಬೇಕು. ಸೆಕೆಂಡ್ ಪೆನ್ಸಿಲ್‌ಗೆ ಹೆಸರು ಹಾಕುವುದಿಲ್ಲ, ಜೆನೆರಿಕ್ ಮಾತ್ರ. ಇಬ್ಬರಿಗೆ ಒಬ್ಬರೇ ಬೇಕಾದರೆ ಫೋನ್ ಮಾಡುವ ಕೆಲಸ ನನ್ನದು, ಉತ್ತರಕ್ಕೆ ಒಂದು ಕೆಲಸದ ದಿನ.

ಒಂದು ಗಂಟು ಇನ್ನೂ ಬಿಚ್ಚಿಲ್ಲ. ನಮ್ಮ ಅತಿ ದೊಡ್ಡ ಕ್ಲೈಂಟ್ ಯಾವಾಗಲೂ ಕೆಲಸ ಶುರುವಾದ ಮೇಲೆ ಸಹಿ ಹಾಕುವವರು. ಅವರಿಗೆ ಸಹಿ ಬರುವವರೆಗೆ ಪ್ರಪೋಸ್ಡ್ ಎಂದರೆ ಕೆಲಸ ಮುಗಿಯುವವರೆಗೂ ಪ್ರಪೋಸ್ಡ್ ಆಗೇ ಇರುತ್ತದೆ.

ಹುಬ್ಬಳ್ಳಿ_ಸೈಟ್ · ಶುಕ್ರವಾರ, ರಾತ್ರಿ 8:40

ಅವರಿಗೆ ಸಹಿ ಅಲ್ಲ, ಬ್ಯಾರೆ ಗುರುತು ಹಿಡೀರಿ. ನಮ್ಮಲ್ಲೂ ಸರ್ಕಾರಿ ಕೆಲಸದಾಗ ಕಾಗದ ತಡ ಆಗ್ತೈತಿ. ಕೆಲಸ ಶುರು ಮಾಡ್ರಿ ಅಂತ ಅವರ ಕಡೆ ಜವಾಬ್ದಾರಿ ಇರೋರು ಮೇಲ್ ಕಳಿಸಿದ್ರ ಅದೇ ನಿಮ್ಮ ಮುಂಗಡದ ರಸೀದಿ. ಆ ಮೇಲ್ ತಾರೀಕು ಹಾಕಿ ಕನ್ಫರ್ಮ್ ಮಾಡ್ರಿ. ಮೇಲೂ ಇಲ್ಲ ಅಂದ್ರ ಮಂದಿ ಕಳಿಸಬ್ಯಾಡ್ರಿ.

ಜಯನಗರ_ಪ್ಲಾನರ್ · ಶುಕ್ರವಾರ, ರಾತ್ರಿ 9:05

ಇದನ್ನು ಸೋಮವಾರ ಡೆಲಿವರಿ ಹೆಡ್ ಮುಂದೆ ಇಡುತ್ತೇನೆ.

ಶಿರಸಿಯವರಿಗೆ: ಹೆಸರು ಹಾಕುವ ಮುನ್ನ ಅವರನ್ನು ಕೇಳುವುದು ಈಗ ನಮ್ಮಲ್ಲಿ ಕಡ್ಡಾಯ. ಯಾರ ಹೆಸರು ಎಲ್ಲಿದೆ, ಬಿಡುವ ದಿನ ಯಾವುದು ಎಂಬ ಪಟ್ಟಿಯನ್ನು ಎಲ್ಲ 60 ಜನರೂ ತೆರೆದು ನೋಡಬಹುದು. ರಜೆಗಳನ್ನು ಮೊದಲು ಒಂದು ಟಾಸ್ಕ್ ಮಾಡಿ ಹಾಕುತ್ತಿದ್ದೆವು, ಲೆವೆಲಿಂಗ್ ಮಾಡಿದಾಗ ರಜೆಯೇ ಮುಂದಕ್ಕೆ ಹೋಗುತ್ತಿತ್ತು. ಈಗ ನೇರವಾಗಿ ಅವರವರ ರಿಸೋರ್ಸ್ ಕ್ಯಾಲೆಂಡರ್‌ನಲ್ಲೇ ಕೆಲಸವಿಲ್ಲದ ದಿನ ಎಂದು ಹಾಕುತ್ತಿದ್ದೇವೆ. ಎರಡೂ ಕಡೆ ದುಡಿದ ನಮ್ಮ ಹುಡುಗಿ ಹತ್ತು ದಿನ ಊರಿಗೆ ಹೋಗಿದ್ದಾಳೆ. ಆ ಹತ್ತು ದಿನ ಅವಳ ಸಾಲಿನಲ್ಲಿ ಸೊನ್ನೆ ಗಂಟೆ ತೋರಿಸುತ್ತಿದೆ, ಕನ್ಫರ್ಮ್‌ನಲ್ಲೂ, ಟೆಂಟೆಟಿವ್‌ನಲ್ಲೂ.

ಶಿರಸಿ_ಟೆಸ್ಟರ್ · ಶುಕ್ರವಾರ, ರಾತ್ರಿ 9:20

ಓದಿದೆ ಅಕ್ಕಾ. ಆ ಕ್ಯಾಲೆಂಡರ್ ವಿಷಯವನ್ನು ನಾಳೆಯೇ ನಮ್ಮ ಈಗಿನ ಮ್ಯಾನೇಜರ್‌ಗೆ ತೋರಿಸುತ್ತೇನೆ. ಮುಂದಿನ ಜಾತ್ರೆಯ ದಿನಗಳು ಗೊತ್ತಾದ ಕೂಡಲೇ ಹಾಕಿಸಬೇಕು.